ಕಾರಿನ ಸ್ನಾನಕ್ಕೆ ಕಡೇ ಚೊಂಬು

ನಮ್ಮ ಮನೆಯಲ್ಲಿ ಅತ್ಯಂತ ಮೆತ್ತನೆಯ ಟವೆಲ್ಲುಗಳು ಮನುಷ್ಯರಿಗೆ ಸೇರಿದವಲ್ಲ. ನಾನು ಮೈ ಒರೆಸಿಕೊಳ್ಳುವುದು ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದು, ಈಗ ಈಚೆಯಿಂದ ಆಚೆ ಕಾಣುವಷ್ಟು ಸವೆದ ಟವೆಲ್ಲಿನಿಂದ. ಹಿತ್ತಲ ಹಗ್ಗದ ಮೇಲೆ ನೆರಳು ನೋಡಿ ಕ್ಲಿಪ್ಪು ಹಾಕಿ ಒಣಗಿಸಿರುವ ಹಳದಿ, ನೀಲಿ, ಬೂದು ಬಣ್ಣದ ಟವೆಲ್ಲುಗಳು ಕಾರಿನವು. ಅವನ್ನು ಬೇರೆ ಬಟ್ಟೆಗಳ ಜೊತೆ ಒಗೆಯುವಂತಿಲ್ಲ. ನೆಲಕ್ಕೆ ಬಿದ್ದರೆ ಮತ್ತೆ ಕಾರಿನ ಮೈ ಮುಟ್ಟಿಸುವಂತಿಲ್ಲ. ಒಂದು ದಿನ ನನ್ನ ಹೆಂಡತಿ ಗಿರಿಜಾ ಅವಸರದಲ್ಲಿ ನೀಲಿ ಟವೆಲ್ಲು ಹಿಡಿದು ಹಾಲಿನ ಪಾತ್ರೆ ಇಳಿಸಿದಳೆಂದು ನಾನು ಸಂಜೆಯವರೆಗೆ ಮಾತು ಬಿಟ್ಟಿದ್ದೆ. ಮಾತು ಬಿಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ ಎನ್ನುವುದು ಸಂಜೆ ತಿಳಿಯಿತು.

ಇದಕ್ಕೆಲ್ಲ ನನ್ನ ಕಸುಬೇ ಕಾರಣ. ಹಿಂದೂಪುರದ ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬೆಲ್ಲದ ಮಂಡಿಯ ಹಮಾಲಿಗಳಿಂದ ಹಿಡಿದು ಚಿಲಮತ್ತೂರಿನ ಮೇಷ್ಟರುಗಳವರೆಗೆ ಎಲ್ಲರೂ ಬರುತ್ತಾರೆ. ಬಂದವರು ಹಳೆಯ ಕನ್ನಡಕ ತೆಗೆದು, ನನ್ನ ಕಣ್ಣೆದುರೇ, ಪಂಚೆಯ ಅಂಚಿನಲ್ಲೋ ಸೀರೆಯ ಸೆರಗಿನಲ್ಲೋ ಧೂಳು ಸಮೇತ ಕರಕರ ಉಜ್ಜುತ್ತಾರೆ. ನನಗೆ ಹಲ್ಲು ಜುಮ್ಮೆನ್ನುತ್ತದೆ. ಗಾಜನ್ನು ಕೆಡಿಸುವುದು ಧೂಳಲ್ಲ, ಒಣ ಬಟ್ಟೆ ಹಿಡಿದು ಆ ಧೂಳನ್ನು ಎಳೆದಾಡುವ ನಿಮ್ಮ ಕೈ, ಮೊದಲು ಒದ್ದೆ ಮಾಡಿ ಆಮೇಲೆ ಒರೆಸಿ ಎಂದು ಕನ್ನಡ, ತೆಲುಗು ಎರಡು ಭಾಷೆಗಳಲ್ಲೂ ಹೇಳುತ್ತೇನೆ. ಅವರು ಎರಡು ಭಾಷೆಗಳಲ್ಲೂ ತಲೆಯಾಡಿಸಿ, ಮೆಟ್ಟಿಲು ಇಳಿಯುವಾಗ ಮತ್ತೆ ಸೆರಗಿಗೇ ಕೈ ಹಾಕುತ್ತಾರೆ.

ಇಂಥವನು ಕಾರು ಕೊಂಡರೆ ಏನಾಗಬೇಕೋ ಅದೇ ಆಯಿತು. ಕಡು ನೀಲಿಯ ಸೆಕೆಂಡ್ ಹ್ಯಾಂಡ್ ಕಾರು. ಕಡು ನೀಲಿ ಎಂದರೆ ಗೀರುಗಳ ಪ್ರದರ್ಶನಕ್ಕೆಂದೇ ಹುಟ್ಟಿದ ಬಣ್ಣ. ಮೊದಲ ತಿಂಗಳು ಒಂದು ವಾಟರ್ ಸರ್ವಿಸಿಗೆ ಬಿಟ್ಟೆ. ಅವರು ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು, ನೊರೆ ಬಳಿದು, ಕಡೆಗೆ ನೆಲದ ಮೇಲೆ ಬಿದ್ದಿದ್ದ ಒಂದು ಬಟ್ಟೆ ಎತ್ತಿಕೊಂಡು ಬಾನೆಟ್ಟನ್ನು ದೋಸೆ ಹಂಚು ಒರೆಸುವ ಹಾಗೆ ಸುತ್ತಿಸಿ ಒರೆಸಿದರು. ಮರುದಿನ ಬಿಸಿಲಿಗೆ ನೋಡುತ್ತೇನೆ, ಬಾನೆಟ್ಟಿನ ತುಂಬ ಸಣ್ಣ ಸಣ್ಣ ಸುತ್ತು ಗೀರುಗಳು. ಆ ದಿನ ಅಂಗಡಿಗೆ ಬಂದವರೆಲ್ಲರ ಕನ್ನಡಕ ಕಿತ್ತುಕೊಂಡು ನಾನೇ ಒರೆಸಿ ಕೊಟ್ಟೆ.

ಆಮೇಲೆ ಫೋನಿನಲ್ಲಿ ನೋಡಿ ನೋಡಿ ಕಲಿತದ್ದು ಈ ಜಾಲಿಸದ ಸ್ನಾನ. ಅರ್ಧ ಬಕೆಟ್ ನೀರು, ಅದಕ್ಕೆ ಇದಕ್ಕೆಂದೇ ಸಿಗುವ ದ್ರಾವಣ ಒಂದು ಮುಚ್ಚಳ. ನೊರೆ ಬರುವುದಿಲ್ಲ, ಕಂಪೂ ಅಷ್ಟಕ್ಕಷ್ಟೇ. ಅದೇ ನೀರನ್ನು ಮೊದಲು ಪಂಪಿನಿಂದ ಕಾರಿನ ಮೇಲೆ ಮಂಜಿನಂತೆ ಹೊಡೆದು ಧೂಳನ್ನು ನೆನೆಸಬೇಕು. ಆಮೇಲೆ ನೆನೆದ ಟವೆಲ್ಲನ್ನು ಮಡಚಿ, ಒತ್ತದೆ, ಮಲಗಿದ ಮಗುವಿನ ಬೆನ್ನು ಸವರಿದ ಹಾಗೆ ಒಂದೇ ದಿಕ್ಕಿಗೆ ಎಳೆಯಬೇಕು. ಒಂದು ಸಲ ಎಳೆದ ಮಡಿಕೆಯನ್ನು ಮತ್ತೆ ಮುಟ್ಟಿಸಬಾರದು, ಮಗ್ಗುಲು ಬದಲಿಸಬೇಕು. ಕೊಳೆಯಾದ ಟವೆಲ್ಲು ತಿರುಗಿ ಬಕೆಟ್ಟಿಗೆ ಹೋಗಬಾರದು. ತಲೆಯಿಂದ ಶುರು ಮಾಡಿ ಕೆಳಗಿಳಿಯಬೇಕು. ಒರೆಸಿದ ಭಾಗ ತಾನಾಗಿ ಒಣಗುವ ಮೊದಲೇ ಬೇರೊಂದು ಒಣ ಟವೆಲ್ಲಿನಿಂದ ತೇವ ತೆಗೆಯಬೇಕು. ಮೇಲೆ ನೀರು ಹುಯ್ಯುವ ಕೆಲಸವೇ ಇಲ್ಲ. ಕಾರಿನ ಕೆಳಗೆ ಒಂದು ಚಿಕ್ಕ ಒದ್ದೆ ಕಲೆಯೂ ಉಳಿಯದಂತೆ ಕಾರು ತೊಳೆದೇಳುವುದಿದೆಯಲ್ಲ, ಅದರ ಸುಖವೇ ಬೇರೆ.

ಬೀದಿಯವರಿಗೆ ಮಾತ್ರ ಇದು ಅರ್ಥವಾಗಲಿಲ್ಲ. ಎದುರುಮನೆಯ ನರಸಿಂಹುಲು ಹಲ್ಲುಜ್ಜುತ್ತ ಬಂದು ಬಹಳ ಹೊತ್ತು ನಿಂತು ನೋಡಿ, ಬಾಯಿ ಮುಕ್ಕಳಿಸಿ ಬಂದು, ಕನಿಕರದಿಂದ ಕೇಳಿದ:

“ಏಂ ಅಣ್ಣಾ, ಕಾರುಕಿ ಜ್ವರಮಾ?”

ಜ್ವರ ಬಂದವರಿಗೆ ತಾನೇ ನಾವು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಸುಮ್ಮನಾಗುವುದು. ಅಂದಿನಿಂದ ಪ್ರತಿ ಭಾನುವಾರ ಆತ ಜ್ವರ ಇಳಿಯಿತೇ ಎಂದು ವಿಚಾರಿಸದೆ ಹಾಲಿನ ಅಂಗಡಿಗೆ ಹೋಗುವುದಿಲ್ಲ.

ನಾನು ನಗುತ್ತಿದ್ದೆ. ಆದರೆ ಸ್ನಾನದ ವಿಷಯದಲ್ಲಿ ನನ್ನನ್ನು ನಿಜವಾಗಿ ಸೋಲಿಸಿದವಳು ಕಲ್ಯಾಣದುರ್ಗದಲ್ಲಿದ್ದಳು. ನನ್ನ ಅಕ್ಕ, ಬಸಮ್ಮ.

ನಾನು ಹುಟ್ಟಿ ಬೆಳೆದದ್ದು ಕಲ್ಯಾಣದುರ್ಗದಲ್ಲೇ. ಅಪ್ಪನಿಗೆ ಕಿರಾಣಿ ಅಂಗಡಿ, ಅವ್ವನೂ ಅಲ್ಲೇ ಪೊಟ್ಟಣ ಕಟ್ಟುತ್ತ ಕೂತುಬಿಡುತ್ತಿದ್ದಳು. ಹಾಗಾಗಿ ನನ್ನ ಸ್ನಾನದ ಖಾತೆ ಪೂರ್ತಿ ಅಕ್ಕನದು. ನನಗಿಂತ ಹತ್ತು ವರ್ಷ ದೊಡ್ಡವಳು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಎರಡು ಮೊಣಕಾಲ ನಡುವೆ ಬಿಗಿಯಾಗಿ ಹಿಡಿದು, ಸೀಗೇಕಾಯಿ ಹಚ್ಚಿ ತಿಕ್ಕುತ್ತಿದ್ದಳು. ಕಣ್ಣಿಗೆ ಹೋಯಿತು ಎಂದು ನಾನು ಕೂಗಿದರೆ, ಕಣ್ಣು ಮುಚ್ಚಿಕೊಂಡವನಿಗೆ ಹೇಗೆ ಹೋಗುತ್ತದೆ ಎಂದು ಇನ್ನಷ್ಟು ತಿಕ್ಕುತ್ತಿದ್ದಳು. ಕಡೆಗೆ ಒಂದು ಚೊಂಬು ನೀರನ್ನು ಬೇರೆ ತೆಗೆದಿಟ್ಟಿರುತ್ತಿದ್ದಳು. ಅದನ್ನು ನನ್ನ ತಲೆಯ ಸುತ್ತ ಮೂರು ಸಲ ಇಳಿದೆಗೆದು, ನಾಯಿ ಕಣ್ಣು, ನರಿ ಕಣ್ಣು, ಮೂಲೆಮನೆ ಸಾವಕ್ಕನ ಕಣ್ಣು ಎಂದು ಹೇಳಿ, ತಲೆಯ ಮೇಲೆ ಸುರಿಯುತ್ತಿದ್ದಳು. ಆ ಕಡೇ ಚೊಂಬು ಬಿದ್ದರೇನೇ ಸ್ನಾನ ಮುಗಿದಂತೆ. ಅದು ಬೀಳುವ ಮುಂಚೆ ಎದ್ದು ಓಡಿದರೆ ಮೈಯೆಲ್ಲ ತೊಳೆದಿದ್ದರೂ ನಾನು ಮೈಲಿಗೆಯವನೇ.

ಆ ಊರಿನಲ್ಲಿ ನೀರೆಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಬಾವಿಯಿಂದ ಬಿಂದಿಗೆಯಲ್ಲಿ ಹೊತ್ತು ತರುತ್ತಿದ್ದ ಕಾಲ ಹೋಗಿ ಈಗ ಕೊಳಾಯಿ ಬಂದಿದೆ, ಆದರೆ ಕೊಳಾಯಿಯೂ ತನಗೆ ಮನಸ್ಸು ಬಂದ ದಿನ ಬರುತ್ತದೆ. ನೆಂಟರ ಮನೆಗೆ ಹೋಗಿ ಬಂದವರನ್ನು ನಮ್ಮಲ್ಲಿ ಏನು ಊಟ ಹಾಕಿದರು ಎಂದು ಕೇಳುವುದಿಲ್ಲ. ತಲೆಗೆ ನೀರು ಹುಯ್ದರೇ ಎಂದು ಕೇಳುತ್ತಾರೆ. ಹೋಳಿಗೆ ಹಾಕಿ ನೀರಿಗೆ ಕೈ ಬಿಗಿ ಹಿಡಿದ ಮನೆಯನ್ನು ಜಿಪುಣರ ಮನೆ ಎನ್ನುತ್ತೇವೆ. ಬರೀ ಮುದ್ದೆ ಹಾಕಿ ಹಂಡೆ ತುಂಬ ಬಿಸಿನೀರು ಕೊಟ್ಟ ಮನೆಯನ್ನು ಬಾಯಿ ತುಂಬ ಹೊಗಳುತ್ತೇವೆ. ಇದೆಲ್ಲ ಗೊತ್ತಿದ್ದವನೇ ನಾನು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಆ ಕಾರನ್ನು ನಾನು ಕೊಂಡದ್ದೇ ಅಕ್ಕನಿಗಾಗಿ. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಬಸ್‌ ಸ್ಟ್ಯಾಂಡಿನ ಹೊಗೆ ಮೂಗಿಗೆ ಬಿದ್ದರೇ ಸಾಕು, ಸೆರಗು ಬಾಯಿಗೆ ಹೋಗುತ್ತದೆ. ಹಾಗಾಗಿ ನಾನು ಹಿಂದೂಪುರದಲ್ಲಿ ಮನೆ ಕಟ್ಟಿಸಿ ವರ್ಷಗಳಾದರೂ ಅವಳು ಒಂದು ಸಲವೂ ಅದರ ಹೊಸ್ತಿಲು ತುಳಿದಿರಲಿಲ್ಲ. ಗೃಹಪ್ರವೇಶದ ಫೋಟೋಗಳಲ್ಲಿ ಎಲ್ಲರೂ ಇದ್ದಾರೆ, ಅವಳಿಲ್ಲ. ನನಗೆ ಅದು ಆ ಮನೆಯ ಗೋಡೆಯಲ್ಲಿ ಒಂದು ಇಟ್ಟಿಗೆ ಬಿಟ್ಟುಹೋದಂತೆ ಕಾಡುತ್ತಿತ್ತು. ಕಾರು ತಂದು ಕರೆದುಕೊಂಡು ಹೋಗುತ್ತೇನೆ, ಕಿಟಕಿ ಪೂರ್ತಿ ತೆಗೆದು ನಿಧಾನವಾಗಿ ಓಡಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅವಳು ಒಪ್ಪಿಕೊಂಡಳು. ಗಿರಿಜಾ ಮುಂದಿನ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಯ ಹತ್ತಿರ ಮಂಚ ಹಾಕಿಸಿದಳು.

ಹೋದ ಬೇಸಗೆಯ ಒಂದು ಬೆಳಿಗ್ಗೆ ಹೊರಟೆ. ಪರಿಗಿ ದಾಟಿ ರೊದ್ದಂ ಹತ್ತಿರ ಬರುವಷ್ಟರಲ್ಲಿ ರಸ್ತೆ ಕೆಲಸ. ಟಿಪ್ಪರ್ ಲಾರಿಗಳ ಹಿಂದೆ ತೆವಳಿ ತೆವಳಿ ಕಲ್ಯಾಣದುರ್ಗ ಸೇರಿದಾಗ ನನ್ನ ಕಡು ನೀಲಿ ಕಾರು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಪ್ಪ ಅವ್ವನ ಕಾಲದ ಆ ಹಳೆಯ ಮನೆಯಲ್ಲೇ ಈಗ ಸಂಸಾರ ಹೂಡಿರುವ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕಾಲಿಗೆ ನೀರು ಕೊಟ್ಟಳು, ಕೆನ್ನೆ ಸವರಿದಳು, ನಾನು ಸಣ್ಣಗಾಗಿದ್ದೇನೆ ಎಂದಳು. ನನ್ನ ಹೊಟ್ಟೆ ನೋಡಿದ ಯಾರೂ ಈಚೆಗೆ ಆ ಮಾತು ಹೇಳಿರಲಿಲ್ಲ. ಕಾಫಿ ಕುಡಿದ ಮೇಲೆ, ಕಾರು ತೊಳೆದುಕೋ, ಹಿತ್ತಲಲ್ಲಿ ನೀರಿದೆ ಎಂದಳು.

ಇಲ್ಲಿ ನನ್ನ ಬುದ್ಧಿ ಕೈಕೊಟ್ಟಿತು. ಇಂಥ ಊರಿನಲ್ಲಿ ನೀರು ಉಳಿಸುವ ವಿದ್ಯೆ ತೋರಿಸಿದರೆ ಅಕ್ಕ ಎಷ್ಟು ಮೆಚ್ಚಿಕೊಳ್ಳುತ್ತಾಳೋ ಎಂದು ನಾನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಅರ್ಧ ಬಕೆಟ್ ಸಾಕು ಎಂದೆ. ಸಂಕೋಚ ಪಡುತ್ತಿದ್ದೇನೆಂದು ತಿಳಿದು ಅವಳು ಇನ್ನೆರಡು ಸಲ ಒತ್ತಾಯ ಮಾಡಿದಳು. ನಾನು ಕೇಳಲಿಲ್ಲ. ಡಿಕ್ಕಿಯಿಂದ ಪಂಪು, ದ್ರಾವಣ, ಟವೆಲ್ಲುಗಳ ಗಂಟು ತೆಗೆದೆ. ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿದೆ. ಅಕ್ಕನ ಮೊಮ್ಮಕ್ಕಳು, ಬೀದಿಯ ಮಕ್ಕಳು, ಒಂದಿಬ್ಬರು ದೊಡ್ಡವರೂ ಸುತ್ತ ಸೇರಿದರು. ನಾನು ಪ್ರತಿಯೊಂದು ಹಂತವನ್ನೂ ಭಾಷಣ ಮಾಡುತ್ತ ಮಾಡಿ ತೋರಿಸಿದೆ. ಧೂಳು ಜಾಸ್ತಿ ಇದ್ದದ್ದರಿಂದ ಎರಡು ಸಲ ಮಂಜು ಹೊಡೆದೆ, ಟವೆಲ್ಲುಗಳೂ ಹೆಚ್ಚು ಬೇಕಾದವು. ಕೆಂಪು ಹೋಗಿ ನೀಲಿ ಎದ್ದು ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಕಾರು ತೊಳೆಯಲು ಬಿಂದಿಗೆಗಟ್ಟಲೆ ನೀರು ಸುರಿಯುವವರಿಗೆ ತಲೆಯಿಲ್ಲ ಎಂದು ನಾನು ಜೋರಾಗಿ ಹೇಳಿ, ಬಕೆಟ್ಟಿನ ತಳದಲ್ಲಿ ಉಳಿದಿದ್ದ ನೀರನ್ನು ಎತ್ತಿ ತೋರಿಸಿದೆ. ಅಕ್ಕನ ಮುಖ ನೋಡಿದೆ. ಅವಳು ಅಲ್ಲಿರಲಿಲ್ಲ, ಒಳಗೆ ಹೋಗಿಬಿಟ್ಟಿದ್ದಳು.

ಊಟಕ್ಕೆ ಕುಳಿತಾಗ ಬಡಿಸಿದ್ದೆಲ್ಲ ಭರ್ಜರಿಯಾಗಿತ್ತು, ಬಡಿಸುವ ಕೈಗೆ ಮಾತು ಮಾತ್ರ ಇರಲಿಲ್ಲ. ಸಂಜೆ ಹೊರಡೋಣವೇ ಅಕ್ಕ ಎಂದೆ. ಅವಳು ಮಜ್ಜಿಗೆಯ ಪಾತ್ರೆ ಕೆಳಗಿಟ್ಟಳು.

“ನಾ ಬರಾಕಿಲ್ಲ ಕಣ್ಲಾ. ನೀನೇ ಹೋಗಿ ಬಾ.”

ಏಕೆಂದು ಕೇಳಿದ್ದಕ್ಕೆ, ಸ್ನಾನವಾಗದ ಗಾಡಿಯಲ್ಲಿ ತಾನು ಹೊಸ ಮನೆಗೆ ಬರುವುದಿಲ್ಲ ಎಂದಳು. ಆಗಿದೆಯಲ್ಲ ಎಂದೆ. ಎಂಜಲು ಪಾತ್ರೆಯನ್ನು ಜಾಲಿಸದೆ ಯಾರಾದರೂ ಗೂಡಿಗಿಡುತ್ತಾರೆಯೇ, ಕಡೇ ಚೊಂಬು ಬೀಳದೆ ಅದು ಯಾವ ಊರಿನ ಸ್ನಾನ ಎಂದು ಕೇಳಿ ಒಳಗೆ ನಡೆದಳು. ಗಿರಿಜಾ ಹಾಕಿಸಿದ ಮಂಚ ಕಣ್ಣ ಮುಂದೆ ಬಂತು. ಕಾರು ಕೊಂಡದ್ದೂ ದಂಡ, ಆ ಟವೆಲ್ಲುಗಳನ್ನು ಮಕ್ಕಳಂತೆ ಸಾಕಿದ್ದೂ ದಂಡ ಎನ್ನಿಸಿತು.

ಪಕ್ಕದಲ್ಲಿ ಕೂತಿದ್ದ ರುದ್ರಪ್ಪ ಭಾವ ಮಾತು ಕಡಿಮೆಯ ಮನುಷ್ಯ. ಕೈ ತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಯ ನೆರಳಿಗೆ ಒಂದು ದೊಡ್ಡ ನೀಲಿ ಡ್ರಮ್ಮು. ಅದರ ಬಾಯಿಗೆ ಒಗೆದ ಬಿಳಿ ಪಂಚೆ ಬಿಗಿದು ಕಟ್ಟಿತ್ತು. ಬಿಚ್ಚಿ ತೋರಿಸಿದರು. ಕಂಠದವರೆಗೆ ನೀರು, ತಳ ಕಾಣುವಷ್ಟು ತಿಳಿ.

“ನಿನ್ನ ಕಾರಿಗೆ ಅಂತ ಮಡಗವ್ಳೆ ಕಣಪ್ಪ. ಬೋರು ನೀರಾದ್ರೆ ಕಾರ್ ಮ್ಯಾಲೆ ಬಿಳೀ ಕಲೆ ಬೀಳ್ತದೆ ಅಂತ ನೀನೇ ಫೋನಾಗೆ ಹೇಳಿದ್ಯಂತಲ್ಲ. ಕೊಳಾಯಿ ಬಂದಾಗೆಲ್ಲ ಸೋಸಿ ಸೋಸಿ ತುಂಬವ್ಳೆ. ಮನ್ಯಾಗೆ ಯಾರ್ಗೂ ಮುಟ್ಟಾಕೆ ಬಿಟ್ಟಿಲ್ಲ. ನಿನ್ನ ಕಾರು ಅರ್ಧ ಬಕೆಟ್ಟಾಗೆ ಸ್ನಾನ ಮಾಡ್ತಲ್ಲ, ಈ ವಾರ ಪೂರಾ ನಾನೂ ಅಷ್ಟ್ರಾಗೇ ಮಾಡಿವ್ನಿ.”

ನಾನು ಡ್ರಮ್ಮಿನ ಒಳಗೆ ನೋಡುತ್ತ ನಿಂತೆ. ಅವಳಿಗೆ ಗಾಡಿಯ ಮಡಿ ಮೈಲಿಗೆಯದಲ್ಲ ಚಿಂತೆ. ತಮ್ಮ ಮೊದಲ ಸಲ ಕಾರಿನಲ್ಲಿ ಬರುತ್ತಾನೆ, ಅವನ ಕಾರಿಗೂ ನನ್ನ ಮನೆಯಲ್ಲಿ ಕೈ ತುಂಬ ನೀರು ಬೀಳಬೇಕು ಎಂದು ಕಾಪಿಟ್ಟಿದ್ದಳು. ಆ ನೀರು ಬೇಡವೆಂದು ನಾನು ಊರಿಗೆಲ್ಲ ಕೇಳುವಂತೆ ಭಾಷಣ ಮಾಡಿದ್ದೆ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಎದೆ ತುಂಬಿ ಬಂತು. ಇಷ್ಟು ವಯಸ್ಸಿನಲ್ಲಿ ನನಗಾಗಿ ಯಾರೋ ನೀರು ಬಚ್ಚಿಟ್ಟಿದ್ದಾರಲ್ಲ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ನಾನು ಅಂಗಿ, ಬನಿಯನ್ನು ತೆಗೆದು ಭಾವನ ಹಳೆಯ ಪಂಚೆ ಸುತ್ತಿಕೊಂಡು ಅವಳೆದುರು ಹೋಗಿ ನಿಂತೆ.

“ಅಕ್ಕ, ಕಾರಿನ ಸ್ನಾನ ಅರ್ಧಂಬರ್ಧ ಆಯ್ತು. ನಂದು ಇನ್ನೂ ಆಗೇ ಇಲ್ಲ.”

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕೂದಲುದುರಿದ ತಲೆ, ಜೋತ ಹೊಟ್ಟೆ, ಮೂಗಿನ ತುದಿಯಲ್ಲಿ ಕನ್ನಡಕ. ಆಮೇಲೆ ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

“ಕಲ್ಲಿನ ಮ್ಯಾಲೆ ಕುಂತ್ಕಾ ಹೋಗು. ಕನ್ನಡಕ ತೆಗ್ದಿಡು.”

ಮುಂದಿನದನ್ನು ಹೇಗೆ ಹೇಳಲಿ? ಅದೇ ಕಲ್ಲು. ನಾನು ಮಾತ್ರ ಅದರ ಎರಡೂ ಕಡೆ ಚೆಲ್ಲುವಷ್ಟು ಬೆಳೆದಿದ್ದೆ. ಅಕ್ಕ ಡ್ರಮ್ಮಿನ ಪಂಚೆ ಪೂರ್ತಿ ಬಿಚ್ಚಿದಳು. ಬಿಸಿಲಿಗೆ ಹದವಾಗಿ ಬೆಚ್ಚಗಾಗಿದ್ದ ನೀರನ್ನು ಚೊಂಬು ಚೊಂಬಾಗಿ ಸುರಿದಳು. ಸೀಗೇಕಾಯಿ ಎಲ್ಲಿತ್ತೋ, ತಂದು ಇದ್ದಬದ್ದ ನಾಲ್ಕು ಕೂದಲಿಗೂ ಹಚ್ಚಿ ತಿಕ್ಕಿದಳು. ಒಂದೇ ದಿಕ್ಕಿಗೆ, ಒತ್ತದೆ, ಮೆತ್ತಗೆ ಎಂಬ ನನ್ನ ನಿಯಮಗಳನ್ನೆಲ್ಲ ಅವಳ ಅಂಗೈ ನನ್ನ ಬೆನ್ನ ಮೇಲೇ ಮುರಿದು ಹಾಕಿತು. ಮೊಮ್ಮಕ್ಕಳು ನೆಲಕ್ಕೆ ಬಿದ್ದು ನಕ್ಕವು. ಹಿಂದಿನ ಮನೆಯವರು ಮಹಡಿ ಹತ್ತಿ ನೋಡಿದರು. ಕಣ್ಣಿಗೆ ಹೋಯಿತು ಎಂದು ನಾನು ಕೂಗಿದೆ, ಕಣ್ಣು ಮುಚ್ಕಂಡೋನಿಗೆ ಹೆಂಗೆ ಹೋಯ್ತದ್ಲಾ ಎಂದಳು. ಆಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಡೇ ಚೊಂಬು ಎತ್ತಿ ಇಳಿದೆಗೆದು, ನಾಯಿ ಕಣ್ಣು, ನರಿ ಕಣ್ಣು ಎಂದು ಶುರು ಮಾಡಿ, ಸಾವಕ್ಕ ಸತ್ತು ಬಹಳ ಕಾಲವಾಗಿದ್ದು ನೆನಪಾಗಿ, ಮಹಡಿಯ ಮೇಲೆ ನಿಂತಿದ್ದವರ ಹೆಸರು ಸೇರಿಸಿ ತಲೆಯ ಮೇಲೆ ಸುರಿದಳು.

ನಾನು ಕಣ್ಣು ಬಿಡುವಷ್ಟರಲ್ಲಿ ಅವಳು ಇನ್ನೊಂದು ಚೊಂಬು ತುಂಬಿಕೊಂಡು ಅಂಗಳದ ಕಡೆ ಹೊರಟಿದ್ದಳು. ಒದ್ದೆ ಪಂಚೆಯಲ್ಲೇ ಹಿಂದೆ ಓಡಿದೆ. ಬೇವಿನ ನೆರಳು ಸರಿದು ಕಾರಿನ ಮೇಲೆ ಬಿಸಿಲು ಬಿದ್ದಿತ್ತು. ಕಾದ ಬಾನೆಟ್ಟಿನ ಮೇಲೆ ಹನಿ ಒಣಗಿದರೆ ಕಲೆ ಉಳಿಯುತ್ತದೆ ಎನ್ನುವುದು ನನ್ನ ವಿದ್ಯೆಯ ಮೊದಲ ಪಾಠ. ಅಕ್ಕ ಚೊಂಬನ್ನು ಕಾರಿನ ಮೂತಿಯ ಮುಂದೆ ಮೂರು ಸಲ ಸುತ್ತಿಸಿ, ಗಾಜಿನಿಂದ ಹಿಡಿದು ಕೆಳಗಿನವರೆಗೆ ಧಾರಾಳವಾಗಿ ಸುರಿದಳು. ನನ್ನ ಕೈ ತಾನಾಗಿ ಕಾರಿನ ಮೇಲಿದ್ದ ಒಣ ನೀಲಿ ಟವೆಲ್ಲಿಗೆ ಹೋಯಿತು. ಅಕ್ಕ ತಿರುಗಿ ನೋಡಿದಳು. ನಾನು ಆ ಟವೆಲ್ಲಿನಿಂದ ನನ್ನ ತಲೆ ಒರೆಸಿಕೊಂಡೆ. ನಿಜ ಹೇಳುತ್ತೇನೆ, ಅಷ್ಟು ಮೆತ್ತನೆಯ ಬಟ್ಟೆ ನನ್ನ ತಲೆಗೆ ಹಿಂದೆಂದೂ ಮುಟ್ಟಿರಲಿಲ್ಲ.

“ಈಗ ಬತ್ತೀನಿ,” ಎಂದಳು ಅಕ್ಕ. “ಸೀರೆ ಬದಲಾಯಿಸ್ಕಂಡು ಬತ್ತೀನಿ, ಇರು.”

ಡ್ರಮ್ಮಿನಲ್ಲಿ ಇನ್ನೂ ನೀರಿತ್ತು. ಅವಳು ಅದನ್ನು ಬಿಟ್ಟು ಬರಲಿಲ್ಲ. ಭಾವನಿಂದ ಕ್ಯಾನುಗಳಿಗೆ ತುಂಬಿಸಿ ಡಿಕ್ಕಿಯಲ್ಲಿ ಇಡಿಸಿದಳು. ದಾರಿಯುದ್ದಕ್ಕೂ ಕಿಟಕಿ ಪೂರ್ತಿ ತೆಗೆದು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಸೆರಗು ಒಂದು ಸಲವೂ ಬಾಯಿಗೆ ಹೋಗಲಿಲ್ಲ. ಪೇರೂರಿನ ಹತ್ತಿರ ಕಾರು ನಿಲ್ಲಿಸಿದಾಗ ಎರಡು ಎಳನೀರು ಕುಡಿದು, ಇನ್ನೂ ಸ್ವಲ್ಪ ಜೋರಾಗಿ ಓಡಿಸಬಾರದೇ ಎಂದು ಕೇಳಿದಳು. ನಮ್ಮ ಮನೆಯ ಹೊಸ್ತಿಲು ತುಳಿದು, ಗೋಡೆಗಳನ್ನೆಲ್ಲ ಕೈಯಿಂದ ಸವರಿ ನೋಡಿ, ಕಿಟಕಿಯ ಹತ್ತಿರದ ಮಂಚದ ಮೇಲೆ ಕಾಲು ಚಾಚಿ ಕೂತಳು. ಒಂದು ತಿಂಗಳು ತುಂಬಲು ಎರಡೇ ದಿನ ಕಡಿಮೆ ಎನ್ನುವವರೆಗೆ ನಮ್ಮಲ್ಲಿದ್ದಳು. ನರಸಿಂಹುಲು ಜೊತೆ ತೆಲುಗಿನಲ್ಲಿ ದೋಸ್ತಿ ಬೆಳೆಸಿ, ತನ್ನ ತಮ್ಮನಿಗೆ ಚಿಕ್ಕಂದಿನಿಂದಲೂ ಹೀಗೇ ಎಂದು ಅವನ ಕೈ ಹಿಡಿದು ಸಮಾಧಾನ ಹೇಳಿದಳಂತೆ.

ಅವಳನ್ನು ವಾಪಸು ಬಿಟ್ಟುಬರುವ ದಿನ ಮತ್ತೆ ಎರಡು ದೊಡ್ಡ ಕ್ಯಾನು ತುಂಬಿ ಕೊಟ್ಟಳು. ಹಿಂದೂಪುರದ ನೀರಿನ ಮೇಲೆ ಅವಳಿಗೆ ನಂಬಿಕೆ ಇಲ್ಲ. ಕಾರಿಗೆ ಇದನ್ನೇ ಹಾಕು, ಮುಗಿದ ಮೇಲೆ ಬಂದು ತೆಗೆದುಕೊಂಡು ಹೋಗು ಎಂದಳು. ಈಗ ಫೋನು ಮಾಡಿದಾಗಲೆಲ್ಲ ನನ್ನ ಆರೋಗ್ಯ ಆಮೇಲೆ, ಮೊದಲು ನೀರು ಇದೆಯೇ ಎಂದು ಕೇಳುತ್ತಾಳೆ.

ಕಷ್ಟ ಶುರುವಾದದ್ದು ಇಲ್ಲೇ. ನನ್ನ ವಿದ್ಯೆಯಲ್ಲಿ ನೀರು ಖರ್ಚಾಗುವುದೇ ಇಲ್ಲ. ಭಾನುವಾರಕ್ಕೆ ಅರ್ಧ ಬಕೆಟ್ ತೆಗೆದರೆ ಕ್ಯಾನಿಗೆ ತೆಗೆದದ್ದೇ ಗೊತ್ತಾಗುವುದಿಲ್ಲ. ವಾರಗಳು ಹೋದವು, ಇದೆಯೇ ಎಂದರೆ ಇದೆ ಎನ್ನುತ್ತಲೇ ಇದ್ದೆ. ಹಾಗೆ ಹೇಳುವಾಗ ನನ್ನ ದನಿ ಸಪ್ಪಗಾಗುತ್ತಿತ್ತು, ಕೇಳಿಸಿಕೊಂಡ ಅವಳದೂ.

ಮೊನ್ನೆ ಭಾನುವಾರ ಎಂದಿನಂತೆ ಮಂಜು ಹೊಡೆದೆ, ಮಡಿಕೆ ಬದಲಿಸಿ ಒರೆಸಿದೆ, ತೇವ ತೆಗೆದೆ. ಆಮೇಲೆ ಒಳಗೆ ಹೋಗಿ ಸ್ಟೀಲಿನ ಚೊಂಬು ತಂದು, ಕ್ಯಾನು ಬಗ್ಗಿಸಿ ತುಂಬಿಕೊಂಡು ಕಾರಿನ ಮೇಲೆ ಸುರಿದೆ. ಇನ್ನೊಂದು ಸುರಿದೆ. ಕ್ಯಾನು ಖಾಲಿಯಾಗುವವರೆಗೆ ಮತ್ತೊಂದು, ಮಗದೊಂದು. ನೀರು ಬೀದಿಗೆ ಹರಿಯಿತು. ನರಸಿಂಹುಲು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಜ್ವರ ಇಳಿಯಿತು ಎನ್ನುವಂತೆ ಕೈಯೆತ್ತಿದ. ಗಿರಿಜಾ ಬಾಗಿಲಿಗೆ ಬಂದು, ಇದು ಜಾಲಿಸೋ ಹಂಗಿಲ್ಲ ಅಂತಿದ್ರಲ್ಲ ಎಂದಳು. ಅವಳು ಖಾಲಿ ಕ್ಯಾನು ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋಗಿ ಫೋನು ತಂದು ಕೈಗೆ ಕೊಟ್ಟಳು.

“ಅಕ್ಕ, ನೀರು ಮುಗೀತು.”

“ನಾಳೀಕೆ ಕೊಳಾಯಿ ಬತ್ತದೆ, ತುಂಬಿಸ್ತೀನಿ,” ಎಂದಳು ಅಕ್ಕ. “ನಾಳಿದ್ದು ಬಂದ್ಬುಡು. ಸ್ನಾನ ಮಾಡ್ಕಂಡು ಬರ್ಬ್ಯಾಡ.”